ತೋಟಾ ತುಂಬುವ ವಿದ್ಯೆ

ವಿದ್ಯೆಗಳು ಹದಿನಾಲ್ಕೆಂದೂ ಕಲೆಗಳು ಅರವತ್ತುನಾಲ್ಕೆಂದೂ ನಮ್ಮ ಪೂರ್ವಿಕರು ಎಣಿಸಿಟ್ಟಿದ್ದಾರೆ. ಹೂಮಾಲೆ ಕಟ್ಟುವದರಿಂದ ಹಿಡಿದು ಗಿಳಿಗೆ ಮಾತು ಕಲಿಸುವವರೆಗೆ ಆ ಎಣಿಕೆಯಲ್ಲಿ ಎಡೆಯುಂಟು. ಒಮ್ಮೆ ಹಾರಿದ ಪಿಸ್ತೂಲಿನ ತೋಟಾವನ್ನು ಮನೆಯಲ್ಲಿ ಕುಳಿತು ಮರಳಿ ತುಂಬುವ ಕಲೆಗೆ ಮಾತ್ರ ಅಲ್ಲಿ ಎಡೆಯಿಲ್ಲ. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿ, ಮುಂದೆ ಜೀವಮಾನವೆಲ್ಲ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನ್ನಂಥವನು ಇಂಥ ವಿಷಯದ ಮೇಲೆ ಲೇಖನಿ ಎತ್ತಿದುದನ್ನು ಕಂಡು ವಾಚಕ ಮಹಾಶಯರು ನಗಬಹುದು. ಆದರೆ ನಮ್ಮ ಮನೆಗಳ ಮಕ್ಕಳು ದೂರದೇಶಗಳಿಗೆ ಹೋಗಿ ನೆಲೆಸಿರುವ ಈ ಕಾಲದಲ್ಲಿ, ನಮಗೆ ಸಂಬಂಧವಿಲ್ಲವೆಂದು ತಿಳಿದಿದ್ದ ಪದಾರ್ಥಗಳು ತಾವಾಗಿಯೇ ನಮ್ಮ ಹೊಸ್ತಿಲನ್ನು ದಾಟಿ ಒಳಗೆ ಬರುತ್ತವೆ. ಬಂದ ಮೇಲೆ ಅವುಗಳ ಗುಣದೋಷಗಳನ್ನು ತಿಳಿಯದೆ ಬೈಯುವದೂ ತರವಲ್ಲ, ತಿಳಿಯದೆ ಹೊಗಳುವದೂ ತರವಲ್ಲ.

ನನ್ನ ಅಣ್ಣನ ಮಗನು ಅಮೇರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ರವಿವಾರಗಳಂದು ಗುರಿ ಹೊಡೆಯುವ ಪಂದ್ಯಗಳು ನಡೆಯುತ್ತವೆ. ಅವನಿಗೆ ಅದರ ಹವ್ಯಾಸ. ಇದಿಷ್ಟು ನಮಗೆ ಮೊದಲೇ ಗೊತ್ತಿತ್ತು. ಆದರೆ ಅವನು ತೋಟಾಗಳನ್ನು ಅಂಗಡಿಯಿಂದ ಕೊಳ್ಳುವದನ್ನು ಬಿಟ್ಟು ಮನೆಯಲ್ಲಿಯೇ ತುಂಬಿಕೊಳ್ಳುತ್ತಿದ್ದಾನೆಂಬ ವರ್ತಮಾನವು ಹಿರೇಕೊಟ್ನೆಕಲ್ಲಿಗೆ ಬಂದು ಮುಟ್ಟಿದಂದಿನಿಂದ ನಮ್ಮ ಅತ್ತಿಗೆಯವರಿಗೆ ನಿದ್ರೆಯಿಲ್ಲ. ಏಳು ವರ್ಷದ ಹೆಣ್ಣುಮಗು ಆಡುವ ಮನೆಯಲ್ಲಿ ಮದ್ದಿನ ಡಬ್ಬಿ ಯಾಕೆ ಎಂದು ಅವರ ಪ್ರಶ್ನೆ. ನಾನು ಎರಡು ತಿಂಗಳ ಮಟ್ಟಿಗೆ ಅವನಲ್ಲಿಗೆ ಹೊರಟು ನಿಂತಾಗ, “ನೀವು ಹೇಳಿದರ ಕೇಳತಾನ. ನಿಮ್ಮ ಕೈಯಾಗ ಓದಿದಾಂವ. ಬಿಡಿಸಿ ಬರ್ರಿ,” ಎಂದು ನನಗೆ ಕಟ್ಟಪ್ಪಣೆ ಮಾಡಿದರು. ಹೀಗೆ ನಾನು ಕೈಯಲ್ಲಿ ಗುರೆಳ್ಳು ಚಟ್ನಿಯ ಪುಡಿಯನ್ನೂ ತಲೆಯ ಮೇಲೆ ರಾಯಭಾರದ ಭಾರವನ್ನೂ ಹೊತ್ತು ಸಮುದ್ರವನ್ನು ದಾಟಿದೆನು. ಅಲ್ಲಿ ನಾನು ಮಾಡಿದ ಮೊದಲನೆಯ ಕೆಲಸವೆಂದರೆ ಉಪದೇಶವಲ್ಲ. ಅವನ ಮೇಜಿನ ಹತ್ತಿರ ಒಂದು ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತುಕೊಂಡುದು.

ವಿಷಯವನ್ನು ಹೇಳುವ ಮೊದಲು ಹೆಸರುಗಳನ್ನು ಹೇಳುವದು ಶಾಸ್ತ್ರಕಾರರ ಪದ್ಧತಿ. ನಮ್ಮ ಸೀಮೆಯಲ್ಲಿ ತೋಟಾ ಎಂದೂ ಕಾಡತೂಸು ಎಂದೂ ಕರೆಯುವ ಈ ವಸ್ತುವಿನಲ್ಲಿ ನಾಲ್ಕು ಅಂಗಗಳಿವೆ. ಮೊದಲನೆಯದು ಹಿತ್ತಾಳೆಯ ಕೊಳವೆ, ಎರಡನೆಯದು ಅದರ ತಳದಲ್ಲಿ ಕೂಡುವ ಕೇಪು, ಎಂದರೆ ಪೆಟ್ಟು ಬಿದ್ದೊಡನೆ ಕಿಡಿಯುಗುಳುವ ಸಣ್ಣ ಬಟ್ಟಲು, ಮೂರನೆಯದು ಮದ್ದು, ನಾಲ್ಕನೆಯದು ಬಾಯಲ್ಲಿ ಕೂಡುವ ಸೀಸದ ಗುಂಡು. ಹಾರಿಸಿದ ಮೇಲೆ ಮದ್ದು ಉರಿದುಹೋಗುವದು, ಗುಂಡು ಹಾರಿಹೋಗುವದು, ಕೇಪು ಸತ್ತುಹೋಗುವದು. ಉಳಿಯುವದು ಹಿತ್ತಾಳೆಯ ಕೊಳವೆಯೊಂದೇ. ನಾಲ್ಕು ಅಂಗಗಳಲ್ಲಿ ಬೆಲೆಯುಳ್ಳದ್ದೂ ಅದೇ. ಹಲವು ಸಲ ಮರಳಿ ಉಪಯೋಗಕ್ಕೆ ಬರುವದೂ ಅದೇ. ಈ ಬರಿದಾದ ಕೊಳವೆಗೆ ಮತ್ತೆ ಕೇಪು, ಮದ್ದು, ಗುಂಡುಗಳನ್ನು ಕೂಡಿಸುವದೇ ತೋಟಾ ತುಂಬುವ ವಿದ್ಯೆ.

ಈ ವಿದ್ಯೆ ನಮಗೆ ತೀರ ಅಪರಿಚಿತವೆಂದು ಹೇಳುವಂತಿಲ್ಲ. ನಮ್ಮ ಊರಿನಿಂದ ರಾಯಚೂರಿಗೆ ಹೋದವರು ಅಲ್ಲಿಯ ಕೋಟೆಯನ್ನು ಕಾಣದೆ ಬರುವದಿಲ್ಲ. 1520ನೆಯ ಇಸವಿಯಲ್ಲಿ ಆ ಕೋಟೆಗಾಗಿ ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲಶಹನಿಗೂ ನಡೆದ ಯುದ್ಧದ ವೃತ್ತಾಂತವನ್ನು ಪೋರ್ತುಗೀಜನಾದ ನೂನಿಜ್ ಎಂಬವನು ಬರೆದಿಟ್ಟಿದ್ದಾನೆ. ಆದಿಲಶಹನು ತನ್ನ ತೋಪುಗಳನ್ನೆಲ್ಲ ಒಂದೇ ಸಲಕ್ಕೆ ಹಾರಿಸಲು ರಾಯನ ಮುಂಚೂಣಿ ಚದುರಿತು. ಆದರೆ ರಾಯನು ಎದೆಗುಂದದೆ ಹಿಂದಿನ ಪಡೆಯೊಡನೆ ನುಗ್ಗಿ ವೈರಿಯನ್ನು ಹೊಳೆಯತ್ತ ಅಟ್ಟಿದನು. ಬರಿದಾದ ತೋಪನ್ನು ಮರಳಿ ತುಂಬಲು ಬೇಕಾಗುವ ಹೊತ್ತು ರಣದಲ್ಲಿ ಎಷ್ಟು ಬೆಲೆಯುಳ್ಳದೆಂಬದನ್ನು ಇದರಿಂದ ಊಹಿಸಬಹುದು. ಅನಂತರ ಕ್ರಿಸ್ತೋವಾವ್ ದ ಫಿಗೇರೆದೊ ಎಂಬವನ ಕೈಕೆಳಗೆ ಬಂದಿದ್ದ ಇಪ್ಪತ್ತು ಮಂದಿ ಪೋರ್ತುಗೀಜರು ತಮ್ಮ ಬಂದೂಕುಗಳಿಂದ ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದು ಕೆಡವಿದ್ದರಿಂದ ಕೋಟೆ ಕೈಸೇರಿತು. ಆ ಪರದೇಶಸ್ಥರಿಗೆ ನಾವಿಟ್ಟ ಫಿರಂಗಿ ಎಂಬ ಹೆಸರೇ ಕನ್ನಡದಲ್ಲಿ ತೋಪಿಗೂ ಹೆಸರಾಗಿ ನಿಂತಿತು. ಶುಕ್ರನೀತಿಯಲ್ಲಿ ಬರುವ ನಾಲಿಕ ಮತ್ತು ಅಗ್ನಿಚೂರ್ಣಗಳ ಪ್ರಸಂಗವನ್ನು ತೋರಿಸಿ, ಬಂದೂಕು ನಮ್ಮ ಪ್ರಾಚೀನರದೇ ಎಂದು ಅಭಿಮಾನಪಡುವವರು ನನ್ನ ಸಹಪಾಠಿಗಳಲ್ಲಿ ಇದ್ದರು. ಆ ಗ್ರಂಥವು ಈಗಿರುವ ರೂಪದಲ್ಲಿ ತೀರ ಅರ್ವಾಚೀನವೆಂದು ವಿಮರ್ಶಕರು ತೋರಿಸಿಕೊಟ್ಟಿರುವದರಿಂದ ನಾನು ಆ ವಾದಕ್ಕೆ ಇಳಿಯುವದಿಲ್ಲ.

ಆ ಕಾಲದ ಬಂದೂಕಿಗೆ ಪ್ರತಿಯೊಂದು ಈಡನ್ನೂ ಬಾಯಿಂದಲೇ ತುಂಬಬೇಕಾಗಿತ್ತು. ಮದ್ದು ಸುರಿದು, ನಾರಿನ ಉಂಡೆಯಿಟ್ಟು, ಗಜದಿಂದ ಜಡಿದು, ಗುಂಡನ್ನು ಇಳಿಸಿ, ಮತ್ತೆ ಜಡಿಯಬೇಕು. ಹೀಗಾಗಿ ಬಂದೂಕುಳ್ಳ ಪ್ರತಿಯೊಬ್ಬನೂ ತುಂಬುವವನೇ ಆಗಿದ್ದನು. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಕೇಪಿನ ಕೋವಿ ಎಂದು ಹೆಸರಾದುದು ಈ ಜಾತಿಯದೇ. ಆಮೇಲೆ ಮದ್ದನ್ನೂ ಗುಂಡನ್ನೂ ಒಂದೇ ಕಾಗದದಲ್ಲಿ ಸುತ್ತಿಡುವ ಯುಕ್ತಿ ಬಂದಿತು. ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಅಂಥ ತೋಟಾಗಳಿಗೆ ಹಚ್ಚಿದ ಕೊಬ್ಬಿನ ಸುದ್ದಿಯಿಂದಲೇ 1857ರ ಬೆಂಕಿ ಹೊತ್ತಿತೆಂಬದು ಸರ್ವವಿದಿತ. ಹಿತ್ತಾಳೆಯ ಕೊಳವೆ ರೂಢಿಗೆ ಬಂದುದು ಇದರ ತರುವಾಯ. ಆಗ ತುಂಬುವ ಕೆಲಸವು ಹಾರಿಸುವವನ ಕೈಯಿಂದ ಕಾರಖಾನೆಗೆ ಹೋಯಿತು. ನನ್ನ ಅಣ್ಣನ ಮಗನಂಥವರು ಅದನ್ನು ಕಾರಖಾನೆಯಿಂದ ಮರಳಿ ಮನೆಗೆ ತರುತ್ತಿದ್ದಾರೆ.

ಯಾಕೆ ತರುತ್ತಾರೆಂದು ಕೇಳಿದೆನು. ಮೊದಲನೆಯದು ಹಣ: ಪಂದ್ಯಕ್ಕೆ ಅಭ್ಯಾಸ ಮಾಡುವವನಿಗೆ ವಾರಕ್ಕೆ ನೂರಾರು ತೋಟಾ ಬೇಕು. ಎರಡನೆಯದು ಅಭಾವ: 2020 ಮತ್ತು 2021ರಲ್ಲಿ, ಮಹಾಮಾರಿಯ ದಿನಗಳಲ್ಲಿ, ಆ ದೇಶದ ಅಂಗಡಿಗಳಲ್ಲಿ ತೋಟಾಗಳೇ ಸಿಗದಂತಾಗಿದ್ದವು. ಮೂರನೆಯದನ್ನು ಅವನು ಸ್ವಲ್ಪ ನಾಚುತ್ತ ಹೇಳಿದನು: “ಕಾಕಾ, ದಿನಾ ಎಲ್ಲಾ ಆಫೀಸಿನಾಗ ಕಣ್ಣಿಗೆ ಕಾಣದ ಕೆಲಸ ಮಾಡತೀನಿ. ಇದು ಕೈಯಾಗ ಹಿಡದು ನೋಡೂವಂಥಾದ್ದು.” ಈ ಮೂರನೆಯ ಕಾರಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ನಾನೂ ತಾಳೆಗರಿಯನ್ನು ನಕಲು ಮಾಡುತ್ತ ರಾತ್ರಿ ಕಳೆದವನು.

ಈಗ ಕ್ರಮವನ್ನು ಹೇಳುವೆನು. ಅವನ ಮೇಜಿಗೆ ಒಂದು ಒತ್ತುವ ಯಂತ್ರವನ್ನು ಗಟ್ಟಿಯಾಗಿ ಬಿಗಿದಿದೆ. ನಮ್ಮ ಶಾವಿಗೆಯ ಒರಳನ್ನು ನೋಡಿದವರಿಗೆ ಅದರ ಸ್ವಭಾವ ತಿಳಿಯುವದು: ಹಿಡಿಕೆಯನ್ನು ಎಳೆದರೆ ಕೆಳಗಿನದು ಮೇಲಕ್ಕೆ ಹೋಗಿ ಅಚ್ಚಿನಲ್ಲಿ ಒತ್ತಲ್ಪಡುವದು. ಅಚ್ಚುಗಳು ಮೂರೋ ನಾಲ್ಕೋ. ಹೊಸಬನು ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಯಂತ್ರದಿಂದ ಆರಂಭಿಸಬೇಕೆಂದೂ, ಒಂದೇ ಎಳೆತಕ್ಕೆ ನಾಲ್ಕು ಕೆಲಸ ಮಾಡುವ ಯಂತ್ರವನ್ನು ಬಲ್ಲವರಿಗೆ ಬಿಡಬೇಕೆಂದೂ ಅವನ ಗುರುಗಳು ಹೇಳಿದರಂತೆ. ಮೊದಲು ಸಂಧಿ, ಆಮೇಲೆ ಸಮಾಸ ಎಂಬ ನಮ್ಮ ಪಾಠಕ್ರಮವೂ ಇದೇ ಅಲ್ಲವೇ?

ಮೊದಲು ಹಾರಿದ ಕೊಳವೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಸೀಳಿದ್ದು, ಉಬ್ಬಿದ್ದು ಕಂಡರೆ ಎಸೆದುಬಿಡುವನು. ಉಳಿದುವನ್ನು ಗೋವಿನಜೋಳದ ದಿಂಡಿನ ನುಚ್ಚಿನಲ್ಲಿ ಹಾಕಿ ಯಂತ್ರದಲ್ಲಿ ಅಲುಗಿಸಿದರೆ ಹೊಸ ಪಾತ್ರೆಯಂತೆ ಥಳಥಳಿಸುತ್ತವೆ. ಒಳಗೆ ನಡುವೆ ಒಂದೇ ರಂಧ್ರವುಳ್ಳ ಕೊಳವೆಗಳು ಮಾತ್ರ ಈ ಕೆಲಸಕ್ಕೆ ಅನುಕೂಲ. ಎರಡು ರಂಧ್ರಗಳುಳ್ಳವುಗಳಿಂದ ಹಳೆಯ ಕೇಪನ್ನು ತೆಗೆಯುವದು ಪ್ರಯಾಸದ ಕೆಲಸ. ಮೊದಲನೆಯ ಜಾತಿಯನ್ನು ಕಂಡುಹಿಡಿದ ಬಾಕ್ಸರನು ಆಂಗ್ಲನು, ಎರಡನೆಯದನ್ನು ಕಂಡುಹಿಡಿದ ಬರ್ಡನ್ನನು ಅಮೇರಿಕದವನು. ಆದರೆ ಅಮೇರಿಕದಲ್ಲಿ ಆಂಗ್ಲನದೂ, ಯುರೋಪಿನಲ್ಲಿ ಅಮೇರಿಕದವನದೂ ರೂಢಿಯಾದುದು ವಿನೋದದ ಸಂಗತಿ.

ಮೊದಲನೆಯ ಅಚ್ಚಿನಲ್ಲಿ ಹಳೆಯ ಕೇಪು ಕಳಚಿಬೀಳುವದು. ಹಾರುವಾಗ ಹಿಗ್ಗಿದ ಕೊಳವೆ ಮೊದಲಿನ ಅಳತೆಗೆ ಬರುವದು. ಎರಡನೆಯದರಲ್ಲಿ ಅದರ ಬಾಯಿ ಕೂದಲೆಳೆಯಷ್ಟು ಅರಳುವದು. ಆಮೇಲೆ ಹೊಸ ಕೇಪನ್ನು ತಳಮಟ್ಟಕ್ಕೆ ಕೂಡಿಸುವನು. ಬೆರಳಿನಿಂದ ಮುಟ್ಟಿ ನೋಡಿದರೆ ಎತ್ತರವೆನ್ನಿಸಬಾರದು. ಆಮೇಲೆ ಮದ್ದನ್ನು ತೂಗಿ ಹಾಕುವನು. ಮೂರನೆಯ ಅಚ್ಚಿನಲ್ಲಿ ಗುಂಡನ್ನು ನಿಯಮಿಸಿದ ಆಳಕ್ಕೆ ಇಳಿಸಿ, ಅರಳಿಸಿದ ಬಾಯಿಯನ್ನು ಮತ್ತೆ ಬಿಗಿಸುವನು. ಕಡೆಗೆ ಪ್ರತಿಯೊಂದರ ಉದ್ದವನ್ನು ಅಳೆದು ಡಬ್ಬಿಯಲ್ಲಿಟ್ಟು, ಮೇಲೆ ದಿನಾಂಕ, ಮದ್ದಿನ ಹೆಸರು, ತೂಕ, ಗುಂಡಿನ ಜಾತಿ ಇವಿಷ್ಟನ್ನೂ ಬರೆದು ಅಂಟಿಸುವನು. ಎರಡು ತಾಸಿನ ಶ್ರಮಕ್ಕೆ ಐವತ್ತು ತೋಟಾಗಳಾದರೆ ಹೊಸಬನಿಗೆ ಅದೇ ಬಹಳ.

ಇವುಗಳಲ್ಲಿ ನನ್ನ ಮನಸ್ಸನ್ನು ಹಿಡಿದುದು ತೂಕದ ಕೆಲಸ. ಈ ಮದ್ದನ್ನು ತೂಗುವ ಮಾನಕ್ಕೆ ಗ್ರೇನು ಎಂದು ಹೆಸರು. ಅದರ ಅರ್ಥ ಧಾನ್ಯದ ಕಾಳು ಎಂದು, ಮೂಲದಲ್ಲಿ ಜವೆಯ ಕಾಳು. 7,000 ಗ್ರೇನುಗಳಿಗೆ ಒಂದು ಪೌಂಡು. ನಮ್ಮ ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ತೂಕದ ಲೆಕ್ಕವು ಬಿಸಿಲುಕೋಲಿನಲ್ಲಿ ಕಾಣುವ ಧೂಳಿನ ಕಣದಿಂದ ಆರಂಭವಾಗಿ, ಸಾಸಿವೆಯನ್ನು ದಾಟಿ, ಜವೆಗೆ ಬಂದು, ಮೂರು ಜವೆಗೆ ಒಂದು ಗುಲಗಂಜಿ ಎಂದು ಮುಂದೆ ಸಾಗುವದು. ಗುಲಗಂಜಿಯ ತೂಕ ಸುಮಾರು 0.12 ಗ್ರಾಮು. ನನ್ನ ಅಣ್ಣನ ಮಗನ ರಿವಾಲ್ವರಿನ ಒಂದು ತೋಟಾಕ್ಕೆ ಹಿಡಿಯುವ ಮದ್ದು ಅಂಥ ಎರಡು ಗುಲಗಂಜಿಗಳ ಆಚೀಚೆ. ಅಕ್ಕಸಾಲಿಗನು ಗುಲಗಂಜಿಯಲ್ಲಿ ಚಿನ್ನವನ್ನು ತೂಗುವಾಗ ಉಸಿರು ಬಿಗಿಹಿಡಿಯುವನಂತೆ. ಇವನೂ ಗ್ರೇನಿನ ಹತ್ತನೆಯ ಒಂದು ಪಾಲಿನವರೆಗೆ ತಕ್ಕಡಿಯ ಮುಳ್ಳನ್ನು ನೋಡುತ್ತ ಉಸಿರು ಹಿಡಿಯುತ್ತಿದ್ದನು. ಅಕ್ಕಸಾಲಿಗನ ಕೈತಪ್ಪಿದರೆ ಹಣ ಹೋಗುವದು. ಇಲ್ಲಿ ಕೈತಪ್ಪಿದರೆ ಹೋಗುವದು ಬೆರಳು, ಇಲ್ಲವೆ ಕಣ್ಣು.

ಹಾಗೆ ಯಾಕೆಂಬದಕ್ಕೆ ಕಾರಣವುಂಟು. ಅವನ ರಿವಾಲ್ವರಿಗೆ ಹೊಂದುವ 38 ಸ್ಪೆಶಲ್ ಎಂಬ ತೋಟಾ 1898ರಷ್ಟು ಹಳೆಯದು. ಕರಿಮದ್ದಿನ ಕಾಲದ ಅಳತೆಯದು. ಕರಿಮದ್ದು ಹೆಚ್ಚು ಜಾಗ ಬೇಡುತ್ತಿತ್ತಾದ್ದರಿಂದ ಕೊಳವೆ ದೊಡ್ಡದು. ಈಗಿನ ಹೊಗೆಯಿಲ್ಲದ ಮದ್ದು ಶಕ್ತಿಯಲ್ಲಿ ಹೆಚ್ಚು, ಪ್ರಮಾಣದಲ್ಲಿ ಕಡಿಮೆ. ಆದ್ದರಿಂದ ಕೊಳವೆಯ ಬಹುಭಾಗವು ಬರಿದಾಗಿಯೇ ಉಳಿಯುವದು. ಮರೆತು ಎರಡನೆಯ ಸಲ ಮದ್ದು ಸುರಿದರೂ ಅದು ಹೊರಗೆ ಚೆಲ್ಲದೆ ಒಳಗೇ ಅಡಗಿಕೊಳ್ಳುವದು. ಗುಂಡು ಕೂಡಿಸಿದ ಮೇಲೆ ಹೊರಗಿನಿಂದ ಯಾರ ಕಣ್ಣಿಗೂ ಕಾಣದು. ನ್ಯಾಯವಾದ ತುಂಬುವಿಕೆಯಲ್ಲಿಯೇ ಈ ತೋಟಾದೊಳಗಿನ ಒತ್ತಡವು ಚದರಂಗುಲಕ್ಕೆ 17,000 ಪೌಂಡುಗಳವರೆಗೆ ಏರಬಹುದು. ಎಂದರೆ ನಾವು ಉಸಿರಾಡುವ ಗಾಳಿಯ ಒತ್ತಡದ ಸಾವಿರ ಪಾಲಿಗೂ ಮಿಗಿಲು. ಮದ್ದು ಇಮ್ಮಡಿಯಾದರೆ ಉಕ್ಕು ಸೀಳುವದು. ಗುಂಡನ್ನು ನಿಯಮಕ್ಕಿಂತ ಆಳವಾಗಿ ಇಳಿಸಿದರೂ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುವದು. ಹಾಗಾದರೆ ಕಡಿಮೆಯಿದ್ದರೆ ಕ್ಷೇಮವೇ? ಅದೂ ಇಲ್ಲ. ಮದ್ದೇ ಬೀಳದ ತೋಟಾದಲ್ಲಿ ಕೇಪಿನ ಬಲದಿಂದಲೇ ಗುಂಡು ನಳಿಗೆಯ ನಡುವಿನವರೆಗೆ ಹೋಗಿ ಸಿಕ್ಕಿಕೊಳ್ಳುವದು. ಅದನ್ನು ತಿಳಿಯದೆ ಹಾರಿಸಿದ ಎರಡನೆಯ ಗುಂಡು ನಳಿಗೆಯನ್ನು ಒಡೆಯುವದು. ಅತಿಯೂ ಅಪಾಯ, ನಾಸ್ತಿಯೂ ಅಪಾಯ.

ಈ ಕಾರಣಗಳಿಂದ ಹೊಸಬರಿಗೆ ವಿಧಿಸಿದ ನಿಯಮಗಳು ನಮ್ಮ ಧರ್ಮಶಾಸ್ತ್ರದ ವಿಧಿನಿಷೇಧಗಳಂತೆ ಖಚಿತವಾಗಿವೆ. ಮದ್ದಿನ ಪ್ರಮಾಣವನ್ನು ಮದ್ದು ತಯಾರಿಸುವವರು ಅಚ್ಚುಹಾಕಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು; ಗೆಳೆಯನ ಬಾಯಿಮಾತು ಪ್ರಮಾಣವಲ್ಲ. ಅಲ್ಲಿ ಹೇಳಿದ ಕನಿಷ್ಠದಿಂದ ಆರಂಭಿಸಿ, ಬೇಕಾದರೆ ಮೆಲ್ಲಗೆ ಏರಬೇಕು. ಮೇಜಿನ ಮೇಲೆ ಒಂದು ಕಾಲಕ್ಕೆ ಒಂದೇ ಮದ್ದಿನ ಡಬ್ಬಿ ಇರಬೇಕು. ಎರಡು ಮದ್ದುಗಳನ್ನು ಬೆರಸುವದು ಮಹಾಪಾತಕ. ಎರಡು ಸಲ ಸುರಿದರೆ ಕೊಳವೆ ತುಂಬಿ ಚೆಲ್ಲುವಂಥ, ಹೆಚ್ಚು ಜಾಗ ಹಿಡಿಯುವ ಮದ್ದನ್ನೇ ಹೊಸಬನು ಆರಿಸಿಕೊಳ್ಳಬೇಕು. ಐವತ್ತು ಕೊಳವೆಗಳನ್ನು ಹಲಗೆಯ ಕುಳಿಗಳಲ್ಲಿ ನಿಲ್ಲಿಸಿ, ಗುಂಡು ಕೂಡಿಸುವ ಮೊದಲು ದೀಪದ ಬೆಳಕಿನಲ್ಲಿ ಪ್ರತಿಯೊಂದರ ಒಳಗನ್ನೂ ಇಣಿಕಿ ನೋಡಬೇಕು. ಕಣ್ಣಿಗೆ ಕನ್ನಡಕ ಬೇಕು. ಸೀಸದ ಧೂಳು ವಿಷವಾದ್ದರಿಂದ ಆ ಮೇಜಿನಲ್ಲಿ ತಿನ್ನಬಾರದು, ಕುಡಿಯಬಾರದು. ಎದ್ದೊಡನೆ ಕೈ ತೊಳೆಯಬೇಕು. ದಣಿದಾಗ, ಸಿಟ್ಟುಬಂದಾಗ, ಮಾತನಾಡುವ ಮನಸ್ಸಿದ್ದಾಗ ಕೂಡಬಾರದು. ನಾನು ಕುರ್ಚಿಯಲ್ಲಿ ಕುಳಿತ ಮೊದಲನೆಯ ಸಂಜೆ ಏನೋ ಕೇಳಲು ಬಾಯಿ ತೆರೆದಾಗ ಅವನು ಒಂದು ಬೆರಳನ್ನೆತ್ತಿ ನನ್ನನ್ನು ಸುಮ್ಮನಿರಿಸಿದನು. ಸಂಧ್ಯಾವಂದನೆಯಲ್ಲಿ ಎಂದೂ ಮೌನವನ್ನು ಹಿಡಿಯದ ಹುಡುಗನು ಇಲ್ಲಿ ಹಿಡಿದನು.

ಇಷ್ಟನ್ನು ಓದಿ ನಮ್ಮ ಜಿಲ್ಲೆಯ ತರುಣರು ಯಾರಾದರೂ ಉತ್ಸಾಹಗೊಂಡಾರೆಂದು ಇಲ್ಲಿಯೇ ಒಂದು ಮಾತು ಹೇಳುವದು ಅವಶ್ಯ. ಅಮೇರಿಕದ 1968ರ ಕಾಯದೆಯ ಪ್ರಕಾರ ತೋಟಾಗಳನ್ನು ತಯಾರಿಸಿ ಮಾರುವವನಿಗೆ ಪರವಾನಗಿ ಬೇಕು. ಸ್ವಂತಕ್ಕೆ ತುಂಬಿಕೊಳ್ಳುವವನಿಗೆ ಕೇಂದ್ರ ಸರಕಾರದ ಪರವಾನಗಿ ಬೇಕಿಲ್ಲ. ನಮ್ಮ ದೇಶದ ರೀತಿ ಬೇರೆ. 1959ರ ಶಸ್ತ್ರಾಸ್ತ್ರ ಕಾಯದೆಯ 5ನೆಯ ಕಲಮಿನ ಮೇರೆಗೆ ಪರವಾನಗಿಯಿಲ್ಲದೆ ತೋಟಾಗಳನ್ನು ತಯಾರಿಸುವದು ಅಪರಾಧ. 2019ರ ತಿದ್ದುಪಡಿಯಿಂದ ಆ ಅಪರಾಧದ ಶಿಕ್ಷೆಯು ಏಳು ವರ್ಷಗಳಿಗೆ ಕಡಿಮೆಯಿಲ್ಲದಂತೆ, ಆಜೀವದವರೆಗೂ ಹೋಗಬಹುದಾದಂತೆ ಆಗಿದೆ. ಕೊಡಗಿನ ದೃಷ್ಟಾಂತವನ್ನು ಕೆಲವರು ಎತ್ತುವರು. ಕೈಲ್ ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವೇರಿಸಿ ಪೂಜಿಸುವ ಆ ನಾಡಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಆಂಗ್ಲರ ಕಾಲದಿಂದ ಬಂದ ವಿನಾಯತಿಯು 2029ರ ವರೆಗೆ ಮುಂದುವರಿದಿರುವದು ನಿಜ. ಆದರೆ ಅದು ಕೋವಿಯನ್ನು ಇಟ್ಟುಕೊಳ್ಳುವ ಮತ್ತು ಒಯ್ಯುವ ಮಟ್ಟಿನದು.  ಆದುದರಿಂದ ಈ ವಿದ್ಯೆಯು ನಮಗೆ ತಿಳಿಯುವ ಮಟ್ಟಿಗೆ ಇರಲಿ.

ಈಗ ನನ್ನ ರಾಯಭಾರಕ್ಕೆ ಬರುವೆನು. ಎರಡು ವಾರಗಳವರೆಗೆ ನೋಡಿದ ಮೇಲೆ, ಈ ಹುಡುಗನಿಂದ ಮೇಜಿನ ಮೇಲೆ ಅಪಾಯವಾಗಲಾರದೆಂದು ನನಗೆ ಧೈರ್ಯ ಬಂದಿತು. ಕೈ ನಿಧಾನ, ಕಣ್ಣು ಎಚ್ಚರ, ಬರಹ ಚೊಕ್ಕಟ. ಆದರೆ ಒಂದು ದಿನ ಮುಂಜಾನೆ ಮಗು ನನ್ನ ಹತ್ತಿರ ಬಂದು ಅಂಗೈ ತೆರೆದು ತೋರಿಸಿತು. ಅದರಲ್ಲಿ ಮಸೂರ ಕಾಳಿನಷ್ಟಗಲದ, ಬಂಗಾರದಂತೆ ಹೊಳೆಯುವ ಒಂದು ಪುಟ್ಟ ಬಟ್ಟಲು. “ಅಜ್ಜಾ, ಗೊಂಬಿಗೆ ತಾಟು,” ಎಂದಿತು. ಅದು ಕೇಪು, ಉಪಯೋಗಿಸದ, ಜೀವವಿದ್ದ ಕೇಪು. ಹಿಂದಿನ ರಾತ್ರಿ ಮೇಜಿನಿಂದ ಉರುಳಿ ನೆಲಹಾಸಿನಲ್ಲಿ ಬಿದ್ದುದು. ನಾನು ಮೆಲ್ಲಗೆ ಅದನ್ನು ಇಸಿದುಕೊಂಡು, ಬದಲಿಗೆ ನನ್ನ ಅಡಿಕೆಯ ಡಬ್ಬಿಯ ಮುಚ್ಚಳವನ್ನು ಕೊಟ್ಟೆನು. ಸೊಸೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಅವಳು ಒಂದು ಮಾತನ್ನೂ ಆಡಲಿಲ್ಲ. ಅವಳ ಮೋರೆ ಮಾತ್ರ ಗೋಡೆಯಂತೆ ಬೆಳ್ಳಗಾಗಿತ್ತು.

ಅಂದು ಸಂಜೆ ನಾನು ಅವನಿಗೆ ಬಿಡು ಎನ್ನಲಿಲ್ಲ. ಪ್ರಾಯಕ್ಕೆ ಬಂದವರಿಗೆ ಬಿಡು ಎಂದರೆ ಇನ್ನೂ ಹಿಡಿದುಕೊಳ್ಳುವರು. ನಮ್ಮ ಹೊಳೆಯಾಚೆಯ ಸುರಪುರದ ಕಥೆಯನ್ನು ಹೇಳಿದೆನು. ದೇವದುರ್ಗದಿಂದ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಅಲ್ಲಿಯ ಬೇಡ ದೊರೆ ರಾಜಾ ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ ಅವನ ಸಂಸ್ಥಾನವನ್ನು ನೋಡಿಕೊಂಡವನು ಮೆಡೋಸ್ ಟೇಲರನು. ಹುಡುಗನು ಆ ಆಂಗ್ಲನನ್ನು ಅಪ್ಪಾ ಎಂದು ಕರೆಯುತ್ತಿದ್ದನು. 1858ರ ಫೆಬ್ರುವರಿಯಲ್ಲಿ ದೊರೆಯು ಆಂಗ್ಲರ ಮೇಲೆ ತಿರುಗಿಬಿದ್ದು, ಸೋತು, ಹೈದರಾಬಾದಿಗೆ ಹೋಗಿ ಸಿಕ್ಕಿಬಿದ್ದನು. ಮರಣದಂಡನೆಯಾಗಿ, ಅದು ಕಡಿಮೆಯಾಗುತ್ತ ಬಂದು, ಕಡೆಗೆ ಮದ್ರಾಸಿನ ಕಡೆಯ ಒಂದು ಕೋಟೆಯಲ್ಲಿ ನಾಲ್ಕು ವರ್ಷಗಳ ಬಂಧನವೆಂದು ನಿಶ್ಚಯವಾಯಿತು. ಸನ್ನಡತೆ ಕಂಡುಬಂದರೆ ಸಂಸ್ಥಾನವು ಮರಳಿ ಸಿಗುವ ಆಶೆಯೂ ಇತ್ತು. ಮೇ ತಿಂಗಳಲ್ಲಿ ಅವನನ್ನು ಕರೆದುಕೊಂಡು ಹೊರಟ ಅಧಿಕಾರಿಯು ಪ್ರಯಾಣದ ಮೊದಲನೆಯ ಮಜಲಿನಲ್ಲಿಯೇ, ತುಂಬಿದ ರಿವಾಲ್ವರಿದ್ದ ನಡುಪಟ್ಟಿಯನ್ನು ಬಿಚ್ಚಿ ಡೇರೆಯಲ್ಲಿದ್ದ ಕುರ್ಚಿಗೆ ತೂಗಹಾಕಿ ಹೊರಗೆ ಹೋದನು. ಹೋದುದು ಒಂದು ಗಳಿಗೆಯ ಮಟ್ಟಿಗೆ. ಅಷ್ಟರಲ್ಲಿ ಈಡಿನ ಸಪ್ಪಳವಾಯಿತು, ದೊರೆ ಸತ್ತುಬಿದ್ದಿದ್ದನು. ಟೇಲರನ ಆತ್ಮವೃತ್ತದಲ್ಲಿ ಬಂದಿರುವದು ಹೀಗೆ. ದೊರೆ ತಾನಾಗಿಯೇ ಹಾರಿಸಿಕೊಂಡನೋ, ಕೈಯಲ್ಲಿ ಹಿಡಿದು ನೋಡುವಾಗ ಹಾರಿತೋ, ಇನ್ನೇನಾದರೂ ನಡೆಯಿತೋ ಎಂಬ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಎರಡು ವರ್ಷಗಳ ತರುವಾಯ ಸುರಪುರವು ನಿಜಾಮನ ಪಾಲಾಯಿತು.

“ತಮ್ಮಾ,” ಎಂದೆನು, “ಆ ರಿವಾಲ್ವರಿನ ತೋಟಾ ತುಂಬಿದವನು ಯಾವ ತಪ್ಪನ್ನೂ ಮಾಡಿದ್ದಿಲ್ಲ. ಮದ್ದಿನ ತೂಕ ಸರಿಯಾಗಿಯೇ ಇತ್ತು, ಹಾರಬೇಕಾದಾಗ ಹಾರಿತು. ತಪ್ಪಿದ್ದು ಕುರ್ಚಿಯ ಮೇಲೆ. ನೀನು ಎರಡು ತಾಸು ಮೇಜಿನ ಮುಂದೆ ಮೈಯೆಲ್ಲ ಕಣ್ಣಾಗಿ ಕೂಡುತ್ತೀಯೆ. ಎದ್ದುಹೋದ ಮೇಲಿನ ಇಪ್ಪತ್ತೆರಡು ತಾಸು ಆ ಮೇಜನ್ನು ನೋಡುವವರು ಯಾರು?”

ಅವನು ಬಹಳ ಹೊತ್ತು ಸುಮ್ಮನಿದ್ದನು. ಮರುದಿನ ನಾವು ಮೂವರೂ ಕೂಡಿ ಮನೆಯ ಪದ್ಧತಿಯನ್ನು ಗೊತ್ತುಮಾಡಿದೆವು. ಮೇಜು ಊಟದ ಪಡಸಾಲೆಯ ಮೂಲೆಯಿಂದ ಎದ್ದು, ಬಾಗಿಲಿಗೆ ಕೀಲಿಯುಳ್ಳ ಸಣ್ಣ ಕೋಣೆಗೆ ಹೋಯಿತು. ನೆಲಹಾಸನ್ನು ತೆಗೆದು, ಬಿದ್ದುದು ಕಾಣುವಂತೆ ಬರಿನೆಲವನ್ನು ಇಟ್ಟಾಯಿತು. ಕೇಪುಗಳನ್ನು ಕೂಡುವ ಮೊದಲೂ ಎದ್ದ ಮೇಲೂ ಎಣಿಸಬೇಕು. ಲೆಕ್ಕ ಹೊಂದುವವರೆಗೆ ಬಾಗಿಲು ತೆರೆಯಬಾರದು. ಕೇಪುಗಳೂ ಮದ್ದೂ ಅವು ಬಂದ ಡಬ್ಬಿಗಳಲ್ಲಿಯೇ, ಒಂದರಿಂದ ಒಂದು ದೂರವಾಗಿ, ಬಿಸಿಲು ಬೆಂಕಿಗಳಿಗೆ ದೂರವಾಗಿ ಇರಬೇಕು. ರಿವಾಲ್ವರು ಬರಿದಾಗಿ ಒಂದು ಪೆಟ್ಟಿಗೆಯಲ್ಲಿ, ತುಂಬಿದ ತೋಟಾಗಳು ಇನ್ನೊಂದು ಪೆಟ್ಟಿಗೆಯಲ್ಲಿ, ಎರಡಕ್ಕೂ ಕೀಲಿ. ಆ ಕೋಣೆಯ ಅಂಗಿಯನ್ನು ಅಲ್ಲಿಯೇ ಬಿಚ್ಚಿಟ್ಟು, ಕೈ ತೊಳೆದುಕೊಂಡೇ ಮಗುವನ್ನು ಮುಟ್ಟಬೇಕು. ಕೋಣೆಯ ಕೀಲಿಕೈ ಸೊಸೆಯ ಹತ್ತಿರ ಇರಬೇಕೆಂಬ ಕಡೆಯ ನಿಯಮವನ್ನು ಮಾತ್ರ ಅವಳೇ ಹೇಳಿದಳು. ಅವನು ಮರುಮಾತಿಲ್ಲದೆ ಒಪ್ಪಿದನು. ಬಿಡಿಸಿ ಬನ್ನಿರೆಂದಿದ್ದ ಅತ್ತಿಗೆಯವರಿಗೆ ಫೋನಿನಲ್ಲಿ ಈ ಪಟ್ಟಿಯನ್ನೇ ಓದಿ ಹೇಳಿದೆನು. ಅವರು ಪೂರ್ಣ ಸಮಾಧಾನ ಹೊಂದಲಿಲ್ಲ. ಕೀಲಿಕೈ ಸೊಸೆಯ ಬಳಿ ಇದೆಯೆಂಬದನ್ನು ಎರಡು ಸಲ ಹೇಳಿಸಿಕೊಂಡರು.

ನನಗಾದರೂ ಪೂರ್ಣ ಸಮಾಧಾನವಾಗಿದೆಯೇ? ಇಲ್ಲ. ಕೊಡಗಿನ ಕೋವಿಗೆ ಕಾಡುಹಂದಿಯ ನೆಪವುಂಟು, ಹಬ್ಬದ ಹೂವುಂಟು, ಹುಟ್ಟುಸಾವುಗಳನ್ನು ಊರಿಗೆ ಸಾರುವ ಕೆಲಸವುಂಟು. ರಿವಾಲ್ವರನ್ನು ಮನುಷ್ಯನು ಮನುಷ್ಯನಿಗಾಗಿಯೇ ಮಾಡಿಕೊಂಡನು. ಕಾಗದದ ಗುರಿಯ ಮೇಲೆ ಎಷ್ಟು ವರ್ಷ ಹೊಡೆದರೂ ಅದರ ಜಾತಕವು ಬದಲಾಗುವದಿಲ್ಲ. ಆ ಎರಡು ಗುಲಗಂಜಿ ಮದ್ದಿನ ಹಿಂದೆ ಕಂಡ ಏಕಾಗ್ರತೆಗೆ ನಾನು ಮನಸಾರೆ ತಲೆದೂಗಿದೆನು; ಅದರ ಮುಂದೆ ಕೂಡಿಸಿದ ಗುಂಡಿಗೆ ತಲೆದೂಗಲು ನನ್ನಿಂದಾಗಲಿಲ್ಲ. ಈ ಎರಡನ್ನೂ ಅವನಿಗೆ ಮರೆಮಾಡದೆ ಹೇಳಿದ್ದೇನೆ. ಅವನು ಎರಡನ್ನೂ ಕೇಳಿಕೊಂಡಿದ್ದಾನೆ.

ದೂರದೇಶದಲ್ಲಿ ಮಕ್ಕಳಿರುವ ಗೃಹಸ್ಥರು ನಮ್ಮಲ್ಲಿ ಈಗ ಊರೂರಿಗೆ ಇದ್ದಾರೆ. ಅವರ ಮಕ್ಕಳಲ್ಲಿಯೂ ಯಾರಾದರೂ ಈ ಹವ್ಯಾಸಕ್ಕೆ ಕೈಹಾಕಿದ್ದರೆ, ಹಿರಿಯರು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಯಾವ ಪುಸ್ತಕವನ್ನು ನೋಡಿ ತೂಗುತ್ತೀ? ಪ್ರತಿಯೊಂದು ಕೊಳವೆಯ ಒಳಗನ್ನೂ ಇಣಿಕಿ ನೋಡುತ್ತೀಯೋ? ಕೇಪುಗಳ ಲೆಕ್ಕ ಬರೆದಿಡುತ್ತೀಯೋ? ಕೀಲಿಕೈ ಯಾರ ಹತ್ತಿರ ಇದೆ? ಮೊದಲಿನ ಮೂರಕ್ಕೆ ಮಗನು ಉತ್ತರ ಹೇಳಲಿ. ನಾಲ್ಕನೆಯದನ್ನು ಸೊಸೆಯನ್ನು ಕೇಳುವದು ಒಳ್ಳೆಯದು.